ಅಳೆಯುವವರ ಮುಂದೆ: ಮನೋವಿಜ್ಞಾನದ ಉನ್ನತ ವ್ಯಾಸಂಗದ ಪ್ರವೇಶ ಸಂದರ್ಶನ ಮತ್ತು ಅದರ ಸಿದ್ಧತೆ

ಎಂ.ಎಸ್ಸಿ. ಕೊನೆಯ ಸೆಮಿಸ್ಟರ್ ಮುಗಿಯುತ್ತ ಬಂದಂತೆ ಮನೋವಿಜ್ಞಾನ ವಿಭಾಗದ ಕಾರಿಡಾರಿನಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ: 'ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ ಸಾರ್?' ಕೇಳುವವರು ಎಂ.ಫಿಲ್. ಅಥವಾ ಪಿಎಚ್.ಡಿ. ಸೀಟಿಗೆ ಹೊರಟವರು. ಮೇಷ್ಟರುಗಳಾದ ನಾವು ಕೊಡುವ ಉತ್ತರವೂ ಹಳೆಯದೇ. ಡಿಎಸ್‌ಎಂ ಓದಿಕೊಳ್ಳಿ, ನಿಮ್ಮ ಡೆಸರ್ಟೇಷನ್ ತಿರುವಿ ಹಾಕಿ, ಧೈರ್ಯವಾಗಿ ಮಾತಾಡಿ. ಮೂರನೆಯ ಸಲಹೆಯ ಬಗ್ಗೆ ನನ್ನ ತಕರಾರಿದೆ. ಧೈರ್ಯವಾಗಿ ಮಾತಾಡಿದವರು ಸಂದರ್ಶನದಲ್ಲಿ ಗೆಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಹಾಗೆ ಗೆದ್ದವರೇ ಮುಂದೆ ಒಳ್ಳೆಯ ಚಿಕಿತ್ಸಕರೋ ಸಂಶೋಧಕರೋ ಆಗುತ್ತಾರೆ ಎನ್ನುವುದಕ್ಕೆ ಆಧಾರ ಮಾತ್ರ ತೀರ ತೆಳು. ಅದು ಎಷ್ಟು ತೆಳು ಎಂದು ಲೆಕ್ಕ ಹಾಕಿ ತೋರಿಸಿದ್ದು ಮನೋವಿಜ್ಞಾನವೇ. ತಾನೇ ತೂಗಿ 'ಹಗುರ' ಎಂದ ತಕ್ಕಡಿಯಲ್ಲಿ ತನ್ನ ಮಕ್ಕಳನ್ನು ತೂಗುತ್ತಿರುವ ಶಾಸ್ತ್ರ ಇದು. ಸಿದ್ಧತೆಯ ಪ್ರಶ್ನೆಯನ್ನು ಈ ಇಕ್ಕಟ್ಟಿನಿಂದಲೇ ಶುರುಮಾಡಬೇಕೆಂದು ನನ್ನ ಅಭಿಪ್ರಾಯ.

ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಥಿಯೊಡರ್ ಸಾರ್ಬಿನ್ 1943ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಥೆಯ ಮೊದಲ ಅಧ್ಯಾಯ. ಹೊಸದಾಗಿ ಸೇರಿದ 162 ವಿದ್ಯಾರ್ಥಿಗಳು ಎಷ್ಟು ಅಂಕ ತೆಗೆಯುತ್ತಾರೆಂದು ಸಲಹೆಗಾರರು ಊಹಿಸಬೇಕಿತ್ತು. ಅವರ ಕೈಯಲ್ಲಿ ಪರೀಕ್ಷೆಗಳ ಫಲಿತಾಂಶವಿತ್ತು, ವಿದ್ಯಾರ್ಥಿಯನ್ನು ಎದುರು ಕೂರಿಸಿಕೊಂಡು ಮಾತಾಡಿಸಿದ ಟಿಪ್ಪಣಿಯೂ ಇತ್ತು. ಇನ್ನೊಂದು ಬದಿಯಲ್ಲಿ ಹೈಸ್ಕೂಲಿನ ರ್‍ಯಾಂಕು ಮತ್ತು ಒಂದು ಸಾಮರ್ಥ್ಯ ಪರೀಕ್ಷೆಯ ಅಂಕ, ಇವೆರಡನ್ನೇ ಕೂಡಿಸಿದ ಸೂತ್ರ. ಸಲಹೆಗಾರರು ಸೂತ್ರವನ್ನು ಮೀರಲಿಲ್ಲ. ಅದೇ ವಿಶ್ವವಿದ್ಯಾಲಯದ ಪಾಲ್ ಮೀಲ್ 1954ರಲ್ಲಿ ಇಂಥ ಅಧ್ಯಯನಗಳನ್ನು ಒಟ್ಟುಮಾಡಿ ಬರೆದ ಸಣ್ಣ ಪುಸ್ತಕ ಚಿಕಿತ್ಸಕರಿಗೆ ಇಂದಿಗೂ ನುಂಗಲಾರದ ತುತ್ತು. ರಾಬಿನ್ ಡಾಸ್ 1971ರಲ್ಲಿ ಕೈಹಾಕಿದ್ದು ನೇರ ನಮ್ಮ ವಿಷಯಕ್ಕೇ. ಒರೆಗಾನ್ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗದ ಪ್ರವೇಶ ಸಮಿತಿ ಅರ್ಜಿಗಳನ್ನು ಓದಿ ಕೊಟ್ಟ ಅಂಕಕ್ಕೂ, ಆ ವಿದ್ಯಾರ್ಥಿಗಳ ಬಗ್ಗೆ ಅಧ್ಯಾಪಕರು ವರ್ಷಗಳ ನಂತರ ಕೊಟ್ಟ ಅಂಕಕ್ಕೂ ಇದ್ದ ಸಹಸಂಬಂಧ 0.19. ಇಲ್ಲೂ ಸರಳ ಸೂತ್ರವೇ ಮುಂದಿತ್ತು. ಆ ಸಮಿತಿ ಕಡತ ಓದಿತ್ತೇ ಹೊರತು ಯಾರನ್ನೂ ಮಾತಾಡಿಸಿರಲಿಲ್ಲ ಎಂಬುದನ್ನು ಮರೆಯಬಾರದು. ಮುಖ ನೋಡಿದ್ದರೆ ತೀರ್ಮಾನ ಸುಧಾರಿಸುತ್ತಿತ್ತೆಂದು ವಾದಿಸುವವರಿದ್ದಾರೆ.

ಆ ವಾದಕ್ಕೆ ಉತ್ತರ ಸಿಕ್ಕಿದ್ದು ಅನಿರೀಕ್ಷಿತವಾಗಿ, ಒಂದು ವೈದ್ಯಕೀಯ ಕಾಲೇಜಿನಿಂದ. ಹೂಸ್ಟನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 1979ರಲ್ಲಿ ಸುಮಾರು 800 ಮಂದಿಯನ್ನು ಸಂದರ್ಶಿಸಿ, ಮೇಲಿನವರಲ್ಲಿ 150 ಜನರನ್ನು ಆರಿಸಿಕೊಂಡಿತ್ತು. ಅಷ್ಟರಲ್ಲಿ ರಾಜ್ಯದ ಶಾಸನಸಭೆ ಇನ್ನೂ 50 ಸೀಟು ತುಂಬಿ ಎಂದಿತು. ಒಳ್ಳೆಯ ಶ್ರೇಣಿಯವರೆಲ್ಲ ಬೇರೆ ಕಡೆ ಸೇರಿಯಾಗಿತ್ತು, ಉಳಿದಿದ್ದವರು ಪಟ್ಟಿಯ ತಳದವರು. ಅವರನ್ನೇ ಸೇರಿಸಿಕೊಂಡರು. ಮುಂದೆ ತರಗತಿಯಲ್ಲಾಗಲಿ, ವಾರ್ಡಿನಲ್ಲಾಗಲಿ, ಪದವಿಯ ನಂತರದ ಮೊದಲ ವರ್ಷದ ತರಬೇತಿಯಲ್ಲಾಗಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಡಿವಾಲ್ ಮತ್ತು ಸಂಗಡಿಗರು 1987ರಲ್ಲಿ ಇದನ್ನು ಪ್ರಕಟಿಸಿದರು. ಯಾವ ಸಂಶೋಧಕನೂ ಬೇಕೆಂದು ಹೂಡಲಾಗದ ಪ್ರಯೋಗವನ್ನು ಶಾಸಕರು ಹೂಡಿಕೊಟ್ಟಿದ್ದರು.

ಇನ್ನೂ ಮುಜುಗರದ ಪ್ರಯೋಗ 2013ರದು. ಜೇಸನ್ ಡೇನಾ, ಡಾಸ್ ಮತ್ತು ಪೀಟರ್‌ಸನ್ ಕೆಲವು ಸಂದರ್ಶನಗಳಲ್ಲಿ ಉತ್ತರಿಸುವವರಿಗೆ ಗುಟ್ಟಾಗಿ ಒಂದು ನಿಯಮ ಕೊಟ್ಟಿದ್ದರು. ಹೌದು ಅಥವಾ ಇಲ್ಲ ಎನ್ನುವುದನ್ನು ಪ್ರಶ್ನೆಯ ಕೊನೆಯ ಪದಗಳ ಮೊದಲ ಅಕ್ಷರ ನೋಡಿ ತೀರ್ಮಾನಿಸಬೇಕು, ನಿಜ ಹೇಳುವ ಗೋಜಿಲ್ಲ. ಸಂದರ್ಶಕರಿಗೆ ಸುಳಿವೇ ಹತ್ತಲಿಲ್ಲ. ಎದುರಿನವರನ್ನು ಚೆನ್ನಾಗಿ ತಿಳಿದುಕೊಂಡೆವೆಂಬ ಭಾವನೆಯೊಡನೆಯೇ ಎದ್ದರು. ಎದುರಿನವರು ಮುಂದೆ ಎಷ್ಟು ಅಂಕ ತೆಗೆಯುತ್ತಾರೆಂಬುದನ್ನು ಹಿಂದಿನ ಅಂಕಗಳನ್ನಷ್ಟೇ ನೋಡಿ ಊಹಿಸಿದ್ದರೆ ಅವರ ಊಹೆ ಇನ್ನೂ ನಿಖರವಾಗುತ್ತಿತ್ತು.

ಇಷ್ಟಾದರೂ ಸಂದರ್ಶನವನ್ನೇ ಕಿತ್ತೊಗೆಯಿರಿ ಎಂದು ಸಾಕ್ಷ್ಯ ಹೇಳುವುದಿಲ್ಲ. ನೌಕರಿಯ ಆಯ್ಕೆಯ ಮೇಲಿನ ಅಧ್ಯಯನಗಳನ್ನು ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಮರುಲೆಕ್ಕ ಮಾಡಿದಾಗ, ಮುಂದಿನ ಕೆಲಸದ ಸಾಧನೆಯೊಡನೆ ಇದ್ದ ಸಹಸಂಬಂಧ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನಕ್ಕೆ 0.42, ಮನಬಂದಂತೆ ಸಾಗುವ ಸಂದರ್ಶನಕ್ಕೆ 0.19 ಬಂತು. ಡೇನಿಯಲ್ ಕಾಹ್ನೆಮನ್ ಇಪ್ಪತ್ತರ ಹರೆಯದಲ್ಲಿ ಇಸ್ರೇಲಿ ಸೇನೆಯಲ್ಲಿದ್ದಾಗ ಇದನ್ನೇ ಕಂಡುಕೊಂಡಿದ್ದರು. ಆರು ಗುಣಗಳನ್ನು ಬೇರೆಬೇರೆಯಾಗಿ, ನಡೆದ ಸಂಗತಿಗಳನ್ನೇ ಕೇಳಿ ಅಳೆಯಿರಿ. ಕಣ್ಣುಮುಚ್ಚಿ ಒಟ್ಟಾರೆ ಅಭಿಪ್ರಾಯ ಹೇಳುವುದು ಕೊನೆಗಿರಲಿ ಎಂಬುದು ಅವರ ಕ್ರಮ. ಅಂದಮೇಲೆ ದೋಷವಿರುವುದು ಭೇಟಿಯಲ್ಲಲ್ಲ, ಭೇಟಿಗೆ ಚೌಕಟ್ಟು ಇಲ್ಲದಿರುವುದರಲ್ಲಿ.

ನಮ್ಮ ನ್ಯಾಯಾಲಯಗಳು ಬೇರೆ ದಾರಿಯಿಂದ ಬಂದು ಇಲ್ಲಿಗೇ ಮುಟ್ಟಿವೆ. 1964ರ ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ ಪ್ರಕರಣ ಮೀಸಲಾತಿಯ ಚರ್ಚೆಯಲ್ಲಿ ಪ್ರಸಿದ್ಧ. ಅದರೊಳಗೆ ಸಂದರ್ಶನದ ಕಥೆಯೂ ಇದೆಯೆಂಬುದು ಅನೇಕರಿಗೆ ಮರೆತುಹೋಗಿದೆ. ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕಿಟ್ಟು ಸಾಮಾನ್ಯ ಜ್ಞಾನ, ಅಭಿರುಚಿ, ವ್ಯಕ್ತಿತ್ವ, ಎನ್‌ಸಿಸಿ, ಆಟ, ನಾಟಕ ಎಲ್ಲವನ್ನೂ ಅದರಲ್ಲಿ ತೂಗಲಾಗುತ್ತಿತ್ತು. ದುರುಪಯೋಗದ ಸಾಧ್ಯತೆಯನ್ನು ಒಪ್ಪಿಕೊಂಡರೂ ಸುಪ್ರೀಂ ಕೋರ್ಟ್ ಪದ್ಧತಿಯನ್ನು ತಳ್ಳಿಹಾಕಲಿಲ್ಲ. ಶ್ರೀನಗರದ ರೀಜನಲ್ ಎಂಜಿನಿಯರಿಂಗ್ ಕಾಲೇಜಿಗೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ, 1980ರ ನವೆಂಬರ್‌ನಲ್ಲಿ, ಅದೇ ನ್ಯಾಯಾಲಯದ ಧ್ವನಿ ಗಡುಸಾಗಿತ್ತು. ಅಲ್ಲಿ ಲಿಖಿತ ಪರೀಕ್ಷೆಗೆ 100 ಅಂಕ, ಮೌಖಿಕಕ್ಕೆ 50. ಒಬ್ಬೊಬ್ಬರ ಸಂದರ್ಶನ ಎರಡು ಮೂರು ನಿಮಿಷವೂ ಮೀರಲಿಲ್ಲವೆಂದು ದೂರು. ಮೌಖಿಕಕ್ಕೆ ಶೇ. 15ಕ್ಕಿಂತ ಹೆಚ್ಚು ಕೊಟ್ಟರೆ ಅದು ಮನಸೋಇಚ್ಛೆಯಾಗುತ್ತದೆ ಎಂದ ಪೀಠ, ಸಂದರ್ಶನವನ್ನು ಟೇಪ್ ಮಾಡಿಟ್ಟರೆ ಒಳ್ಳೆಯದೆಂದೂ ಸೂಚಿಸಿತು. ಮರುವರ್ಷವೇ ಲೀಲಾ ಧರ್ ಪ್ರಕರಣದಲ್ಲಿ, ವ್ಯಕ್ತಿತ್ವ ಮಾಗಿದ ವಯಸ್ಕರ ನೇಮಕದಲ್ಲಿ ಸಂದರ್ಶನಕ್ಕೆ ಹೆಚ್ಚು ತೂಕ ಸಲ್ಲುತ್ತದೆ ಎಂಬ ಮಾತೂ ಬಂತು. ಯುಜಿಸಿಯ 2022ರ ನಿಯಮಾವಳಿ ಪಿಎಚ್.ಡಿ. ಪ್ರವೇಶದಲ್ಲಿ ಲಿಖಿತ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30 ಇಟ್ಟಿದೆ. ಇಪ್ಪತ್ತೆರಡು ವರ್ಷದ ವಿದ್ಯಾರ್ಥಿನಿಯ ವ್ಯಕ್ತಿತ್ವ ಮಾಗಿದೆಯೋ ಇಲ್ಲವೋ, ಬೆಳವಣಿಗೆಯ ಮನೋವಿಜ್ಞಾನ ಪಾಠ ಮಾಡುವವರೇ ಹೇಳಬೇಕು.

ಈ ಸೀಟುಗಳ ಹಿಂದಿನ ಒತ್ತಡವನ್ನೂ ಅರಿಯಬೇಕು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಅದರ ಪಕ್ಕದ ಸರ್ಕಾರಿ ಮಾನಸಿಕ ಆಸ್ಪತ್ರೆ 1974ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ದೇಶದ ಕ್ಲಿನಿಕಲ್ ಸೈಕಾಲಜಿ ತರಬೇತಿ ಬೇರು ಬಿಟ್ಟಿದ್ದು ಅಲ್ಲಿಯೇ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರೆಂದು ಹೇಳುವಾಗ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಅನ್ನು ಹೆಸರಿಸುತ್ತದೆ. 2022ರಲ್ಲಿ ಯುಜಿಸಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಬಳಿಕ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೆ ಮಾತ್ರ 2025–26ರ ತನಕ ವಿನಾಯಿತಿ ಕೊಟ್ಟಿತು. ಬಾಗಿಲು ಮುಚ್ಚುವ ಸದ್ದು ಕೇಳಿದಾಗ ಅಭ್ಯರ್ಥಿಯ ಎದೆ ಹೆಚ್ಚು ಬಡಿದುಕೊಂಡರೆ ಅದನ್ನು ವ್ಯಕ್ತಿತ್ವದ ಕೊರತೆ ಎನ್ನಲಾಗದು.

ಹಾಗಾದರೆ ಸಿದ್ಧತೆ ಹೇಗೆ? ಸಮಿತಿ ಚೌಕಟ್ಟು ತರದಿದ್ದರೆ ಅಭ್ಯರ್ಥಿಯೇ ತರಬೇಕು. ಮಾತು ತನ್ನ ಮೇಲಿನಿಂದ ತಾನು ಮಾಡಿದ ಕೆಲಸದ ಮೇಲೆ ಸರಿಯುವಂತೆ ನೋಡಿಕೊಳ್ಳಬೇಕು. ಪಿಎಚ್.ಡಿ.ಯವರಿಗೆ ಯುಜಿಸಿಯ 2016ರ ನಿಯಮಾವಳಿಯೇ ದಾರಿ ತೋರಿಸಿತ್ತು. ಈ ಸಂಶೋಧನೆ ಮಾಡುವ ಶಕ್ತಿ ಇವರಿಗಿದೆಯೇ, ಈ ಸಂಸ್ಥೆಯಲ್ಲಿ ಅದನ್ನು ಮಾಡಲಾದೀತೇ, ಅದರಿಂದ ಹೊಸ ತಿಳಿವು ಬಂದೀತೇ ಎಂಬುದನ್ನು ಸಂದರ್ಶನ ನೋಡಬೇಕೆಂದು ಅದು ಹೇಳಿತ್ತು. ನಾನು ಕಂಡಂತೆ ಬಹಳಷ್ಟು ವಿದ್ಯಾರ್ಥಿಗಳು ಮೊದಲನೆಯದಕ್ಕೆ ಮಾತ್ರ ತಯಾರಾಗಿ ಹೋಗುತ್ತಾರೆ. ಎರಡನೆಯದಕ್ಕೆ ತಯಾರಾಗುವುದೆಂದರೆ ಆ ವಿಭಾಗದವರ ನಾಲ್ಕಾರು ಪ್ರಬಂಧಗಳನ್ನು ಓದಿರುವುದು, ಯಾವ ಪ್ರಯೋಗಾಲಯ, ಯಾವ ಒ.ಪಿ.ಡಿ., ಯಾವ ಊರಿನ ಜನರಿಂದ ದತ್ತಾಂಶ ಸಿಗುತ್ತದೆಂದು ತಿಳಿದಿರುವುದು. ಒಂದು ಸಂಜೆಯಲ್ಲಿ ಆಗುವ ಕೆಲಸವಲ್ಲ.

ಸ್ವಂತ ಡೆಸರ್ಟೇಷನ್ ಬಗ್ಗೆ ಒಂದು ಮಾತು. ಸಮಿತಿಯವರು ಅದರ ತೀರ್ಮಾನ ಕೇಳುವುದು ಕಡಿಮೆ, ಆಯ್ಕೆಗಳನ್ನು ಕೇಳುವುದೇ ಹೆಚ್ಚು. ಈ ಮಾಪನ ಯಾಕೆ? ಮಾದರಿಯಲ್ಲಿ ಇಷ್ಟೇ ಜನ ಯಾಕೆ? ಕನ್ನಡಕ್ಕೆ ಅನುವಾದಿಸಿದ್ದರೆ ಮರು-ಅನುವಾದ ಮಾಡಿಸಿದಿರಾ? 'ಗೈಡ್ ಹೇಳಿದರು' ಎಂಬ ಉತ್ತರ ಪ್ರಾಮಾಣಿಕವಾದದ್ದು, ಆದರೆ ಅಲ್ಲಿಗೆ ಮಾತು ನಿಂತುಹೋಗುತ್ತದೆ. ಉಪಕರಣಗಳ ವಿಷಯದಲ್ಲೂ ಇದೇ ಪಾಡು. ಬಿನೆ–ಕಾಮತ್ ಪರೀಕ್ಷೆಯ ಹೆಸರನ್ನು ಪ್ರತಿಯೊಬ್ಬರೂ ಹೇಳುತ್ತಾರೆ. ವಿ. ವಿ. ಕಾಮತ್ ಅದನ್ನು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆಂದು ಹೊಂದಿಸಿದರೆಂಬುದು ಕರ್ನಾಟಕದ ವಿದ್ಯಾರ್ಥಿಗೇ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಆ ಕಾಲದ ಮಾನಕಗಳು ಇಂದಿನ ಮಗುವಿಗೆ ಹೊಂದುತ್ತವೆಯೇ ಎಂಬ ಪ್ರಶ್ನೆಯನ್ನು ಅಭ್ಯರ್ಥಿಯೇ ಎತ್ತಬಹುದು. ಕುಪ್ಪುಸ್ವಾಮಿ ಮಾಪನವೂ ಹಾಗೆಯೇ. ವಿದ್ಯೆ, ಉದ್ಯೋಗ, ಕುಟುಂಬದ ಆದಾಯ ಎಂದು ಮೂರನ್ನೂ ಒಪ್ಪಿಸಿಬಿಡುತ್ತಾರೆ. ರೂಪಾಯಿಯ ಬೆಲೆ ಇಳಿದಂತೆ ಆದಾಯದ ಅಂಕಣವನ್ನು ತಿದ್ದುತ್ತಲೇ ಇರಬೇಕೆಂದು ಹೇಳುವವರು ವಿರಳ. ಬಳ್ಳಾರಿಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯಾಯಿತೆಂಬುದು ಬಳ್ಳಾರಿಯವರಿಗೂ ನೆನಪಿರುವುದಿಲ್ಲ.

ಕ್ಲಿನಿಕಲ್ ಸೀಟಿನ ಸಂದರ್ಶನದಲ್ಲಿ ನಿಜವಾದ ಕೆಲಸದ ಮಾದರಿ ಎಂದರೆ ಕೇಸ್. ಒಬ್ಬ ರೋಗಿಯ ವೃತ್ತಾಂತ ಪಡೆಯುವುದು, ಮಾನಸಿಕ ಸ್ಥಿತಿಯ ಪರೀಕ್ಷೆ ಮಾಡುವುದು, ಅದನ್ನು ಐದು ನಿಮಿಷದಲ್ಲಿ ಮಂಡಿಸುವುದು. ಭಾಷೆಯ ಪ್ರಶ್ನೆ ಬರುವುದು ಇಲ್ಲಿ. ರೋಗಿ ಮಾತಾಡುವುದು ಕನ್ನಡದಲ್ಲಿ, ಮಂಡನೆ ಇಂಗ್ಲಿಷಿನಲ್ಲಿ. ಸಮಿತಿಗೆ ಕೇಳಿಸುವುದು ಎರಡನೆಯದು ಮಾತ್ರ. ಕನ್ನಡ ಮಾಧ್ಯಮದ ವಿದ್ಯಾರ್ಥಿ ಮೊದಲನೆಯದನ್ನು ಎಷ್ಟು ಚೆನ್ನಾಗಿ ಮಾಡಿದರೂ ಅದು ಲೆಕ್ಕಕ್ಕೆ ಬರುವುದು ಎರಡನೆಯದರ ಮೂಲಕ.

ಒಂದು ನಿದರ್ಶನ. ಒಂದೇ ಪ್ರಸಂಗದಿಂದ ಏನೂ ಸಿದ್ಧವಾಗದು ಎಂಬುದನ್ನು ಮರೆಯದೆ ಹೇಳುತ್ತೇನೆ. ಒಂದು ಡಿಸೆಂಬರ್‌ನಲ್ಲಿ ನಮ್ಮ ವಿಭಾಗದಲ್ಲಿ ಅಣಕು ಸಂದರ್ಶನ ಇಟ್ಟುಕೊಂಡಿದ್ದೆವು. ಹೊಸದುರ್ಗದ ಕಡೆಯ ವಿದ್ಯಾರ್ಥಿನಿಯೊಬ್ಬಳಿಗೆ 'ನಿಮ್ಮ ಬಗ್ಗೆ ಹೇಳಿ' ಎಂದು ಇಂಗ್ಲಿಷಿನಲ್ಲಿ ಕೇಳಿದೆವು. ಉರುಹೊಡೆದ ಪ್ಯಾರಾದ ಮೂರನೆಯ ವಾಕ್ಯಕ್ಕೆ ಗಂಟಲು ಕಟ್ಟಿತು. ಸಂದರ್ಶಕರಾಗಿ ಕೂತಿದ್ದ ನಾವು ಮೂವರೂ ಹತ್ತಕ್ಕೆ ನಾಲ್ಕು, ಐದು ಹಾಕಿದೆವು. ಮುಂದಿನದು ಕೇಸ್. ರೋಗಿಯಾಗಲು ಯಾರೂ ಸಿಗದೆ ವಿಭಾಗದ ಅಟೆಂಡರ್ ಅಮ್ಮನನ್ನು ಕೂರಿಸಿ, 'ಏನಾದರೂ ತೊಂದರೆ ಹೇಳಿ' ಎಂದಿದ್ದೆವು.

'ಮೈಯೆಲ್ಲ ಜುಮ್ ಅಂತೈತೆ ಕಣವ್ವ. ಎದೆ ಡವಡವ ಅಂತೈತೆ. ತಲೆ ಒಳಗೆ ಬಿಸಿನೀರು ಹರಿದಂಗಾಗ್ತೈತೆ' ಎಂದರು ಆಕೆ.

'ಯಾವಾಗಿಂದ ಹಿಂಗೆ ಅಮ್ಮ?'

'ಹೋದ ಸಲ ಹುಣಸೆ ಬಡಿಯೋ ಹೊತ್ನಾಗೆ ಸುರುವಾತು.'

ಹುಡುಗಿ ಹಾಳೆಯಲ್ಲಿ 'ಸುಮಾರು ಹತ್ತು ತಿಂಗಳು' ಎಂದು ಬರೆದುಕೊಂಡಳು. ಫೆಬ್ರವರಿಯೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಮೇಲೆ ನಿದ್ದೆ ಕೇಳಿದಳು, ಊಟ ಕೇಳಿದಳು. 'ಆಗ ಮನೇಲಿ ಏನಾರ ನಡೆದಿತ್ತಾ?' ಎಂದಾಗ ಆಕೆ ಸೆರಗಿನ ಅಂಚು ಸುತ್ತುತ್ತ ಸುಮ್ಮನಾದರು. ಹುಡುಗಿಯೂ ಸುಮ್ಮನಿದ್ದಳು. ನನ್ನ ಪಕ್ಕದವರು ಗಡಿಯಾರ ನೋಡಿದರು. ಸ್ವಲ್ಪ ಹೊತ್ತಿಗೆ ಆಕೆಯೇ ಮಾತು ಶುರುಮಾಡಿದರು.

ಮಂಡನೆಗೆ ನಾವು ಒಂದು ಹೊಂದಾಣಿಕೆ ಮಾಡಿಕೊಟ್ಟೆವು. ದೂರುಗಳನ್ನು ರೋಗಿಯ ಮಾತಿನಲ್ಲೇ ಕನ್ನಡದಲ್ಲಿ ಹೇಳು, ನಂತರ ಅದನ್ನು ಇಂಗ್ಲಿಷಿಗೆ ಹೊರಳಿಸು ಎಂದೆವು. ದೂರನ್ನು ರೋಗಿಯ ಮಾತಿನಲ್ಲೇ ದಾಖಲಿಸಬೇಕೆಂಬುದು ಪಠ್ಯಪುಸ್ತಕದ ನಿಯಮವೇ, ಹೊಸದೇನಲ್ಲ. ಮಾತು ರೋಗಿಯ ಮೇಲೆ ನಿಂತಿದ್ದರಿಂದ ಇಂಗ್ಲಿಷಿನ ವ್ಯಾಕರಣ ತಪ್ಪಿದಲ್ಲೂ ಅವಳು ತಡವರಿಸಲಿಲ್ಲ. 'ಬಿಸಿನೀರು ಹರಿದಂಗೆ' ಎನ್ನುವುದನ್ನು ತಲೆನೋವು ಎನ್ನಲಾಗದೆಂದು, ನಮ್ಮ ಕಡೆ ಬೇಸರ, ಆತಂಕಗಳು ಮೈಯ ಭಾಷೆಯಲ್ಲಿ ಹೊರಬರುತ್ತವೆಂದು ಹೇಳಿ, ಥೈರಾಯ್ಡ್ ಮತ್ತು ರಕ್ತಹೀನತೆ ಇಲ್ಲವೆಂದು ಖಚಿತವಾಗದೆ ಮುಂದೆ ಹೋಗಬಾರದೆಂದೂ ಸೇರಿಸಿದಳು. ಈ ಸಲದ ಅಂಕ ಎಂಟು, ಎಂಟು, ಒಂಬತ್ತು. ಅದೇ ಹುಡುಗಿ, ಅದೇ ಮಧ್ಯಾಹ್ನ. ಮೊದಲ ಸುತ್ತಿನಲ್ಲಿ ನಾವು ಅಳೆದದ್ದು ಏನನ್ನು ಎಂದು ಚಹಾ ಕುಡಿಯುತ್ತ ಒಬ್ಬರನ್ನೊಬ್ಬರು ಕೇಳಿಕೊಂಡೆವು. ಉತ್ತರ ಯಾರ ಬಳಿಯೂ ಇರಲಿಲ್ಲ.

ಹೊರಡುವ ಮುಂಚೆ ಅವಳು ಬಾಗಿಲಲ್ಲಿ ನಿಂತು, 'ಸಾರ್, ಆ ಅಮ್ಮ ಹೇಳಿದ್ದು ಆ್ಯಕ್ಟಿಂಗ್ ಅಲ್ಲ ಅನ್ಸುತ್ತೆ' ಎಂದಳು. ಹತ್ತು ತಿಂಗಳಿಂದ ದಿನಾ ನಮ್ಮ ಮೇಜಿಗೆ ಚಹಾ ತಂದಿಡುತ್ತಿದ್ದವರು ಅವರು. ಮರುವಾರ ಆಕೆಯನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ಒ.ಪಿ.ಡಿ. ಚೀಟಿ ಮಾಡಿಸಿದ್ದು ಆ ಹುಡುಗಿಯೇ.