ಒಂದು ಯೂನಿಟ್‌ಗೆ ಎಷ್ಟು ಕಾಲು?

ಸೈಕಲ್ ತುಳಿದು ಮನೆಗೆ ಬೇಕಾದ ಕರೆಂಟ್ ಮಾಡಿಕೊಳ್ಳೋ ವಿಡಿಯೋ ನಮ್ಮ ಆಫೀಸ್ ಗ್ರೂಪಿಗೆ ವರ್ಷಕ್ಕೆ ಎರಡು ಸಲವಾದರೂ ಬರುತ್ತೆ. ಜಿಮ್ಮಿನಲ್ಲಿ ಬೆವರು ಸುಮ್ಮನೆ ಹೋಗ್ತಿದೆ, ಅದನ್ನ ಬ್ಯಾಟರಿಗೆ ತುಂಬಿದರೆ ಬಿಲ್ಲೇ ಇರಲ್ಲ ಅಂತ ಕೆಳಗೊಂದು ಸಾಲು. ತಂತ್ರ ಸುಳ್ಳಲ್ಲ. ಲೆಕ್ಕ ಮಾತ್ರ ಯಾರೂ ಹಾಕಿರಲ್ಲ. ನಾನು ಲಿಂಗಸುಗೂರು ಕಡೆಯವನು. ಈ ಲೆಕ್ಕಕ್ಕೆ ನಮ್ಮ ಕಡೆಯ ಮೂರು ತಾಲ್ಲೂಕುಗಳ ಚರಿತ್ರೆಯೇ ಸಾಕು.

ಮೊದಲು ಒಂದು ಅಂಕಿ ನೆನಪಿಟ್ಟುಕೊಳ್ಳಿ. ಗಟ್ಟಿಮುಟ್ಟಾದ ಒಬ್ಬ ಆಳು ತಾಸುಗಟ್ಟಲೆ ತುಳಿದರೆ ಪೆಡಲಿಗೆ ಕೊಡೋ ಶಕ್ತಿ ಸುಮಾರು 75 ವ್ಯಾಟ್. ಓಟದ ಸೈಕಲ್ಲಿನವರು ಇದರ ಮೂರು ನಾಲ್ಕು ಪಟ್ಟು ಕೊಟ್ಟಾರು, ಅವರನ್ನ ಬಿಡಿ.

ಈ 75 ವ್ಯಾಟ್ ನೇರವಾಗಿ ಕೆಲಸಕ್ಕೆ ಬಿದ್ದಾಗ ಕಮ್ಮಿಯೇನಲ್ಲ. ಕುಣಿಮಗ್ಗದ ಕಾಲ್ಮಣೆ, ಟೇಲರ್ ಮಷೀನು, ಓಣಿಗೆ ಬರೋ ಸಾಣೆಯವನ ಚಕ್ರ, ಎಲ್ಲ ಕಾಲಿನದೇ ಪ್ರತಾಪ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಎರಡು ಸಾವಿರ ವರ್ಷಗಳಷ್ಟು ಹಿಂದಿನ ಚಿನ್ನದ ಕುಳಿಗಳಿವೆ. ಬಂಡೆಗೆ ಬೆಂಕಿ ಹಾಕಿ, ಸಿಡಿಸಿ, ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಅದಿರು ಮೇಲಕ್ಕೆ ಬಂದದ್ದು ಮೈಬಲದಿಂದ. ಅಂಥ ಹಳೆಯ ಚಿನ್ನದ ಜಾಡು ಹುಡುಕೋದೇ ಕೆಲಸವಾಗಿದ್ದ ನಿಜಾಮ್ ಸರ್ಕಾರದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ 1915ರಲ್ಲಿ ಮಸ್ಕಿಯ ಬಂಡೆ ಮೇಲಿನ ಶಾಸನ ಬಿತ್ತು. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಮೊದಲ ಶಾಸನ ಅದು. ಹುಡುಕಿದ್ದು ಚಿನ್ನ, ಸಿಕ್ಕಿದ್ದು ಅಶೋಕ!

ಕರ್ನಾಟಕಕ್ಕೆ ದೊಡ್ಡ ಪ್ರಮಾಣದ ಕರೆಂಟ್ ತಂದದ್ದೂ ಚಿನ್ನವೇ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದದ್ದು ಕೋಲಾರದ ಗಣಿಗಳಿಗೆ. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಆಮೇಲೆ, 1905ರಲ್ಲಿ. ನಮ್ಮೂರುಗಳು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿಗೆ ಕಂಬ ಬರೋದು ಇನ್ನೂ ದೂರವಿತ್ತು.

ಕಂಬಕ್ಕಿಂತ ಮುಂಚೆ ಎಷ್ಟೋ ಮನೆಗೆ ಬಂದ ಕರೆಂಟ್ ಅಂದರೆ ಸೈಕಲ್ಲಿನ ಡೈನಮೋ. ನಮ್ಮ ಮುತ್ಯಾನ ಸೈಕಲ್ಲಿಗೂ ಒಂದಿತ್ತು. ಬಾಟಲಿ ಆಕಾರದ್ದು, ಹಿಂದಿನ ಟೈರಿಗೆ ಉಜ್ಜಿಕೊಂಡು ತಿರುಗೋದು. ಆರು ವೋಲ್ಟು, ಮೂರು ವ್ಯಾಟು. ಇಳಿಜಾರಿನಲ್ಲಿ ಬೆಳಕು ಜಗ್ಗಿ ಬರೋದು, ಏರಿನಲ್ಲಿ ಮಿಣಮಿಣ. ನಿಂತರೆ ಕತ್ತಲೆ. ದಾರೀಲಿ ಹಾವು ಕಂಡಂಗಾಗಿ ನಿಂತರೆ ಹಾವೂ ಇಲ್ಲ, ದಾರೀನೂ ಇಲ್ಲ ಅಂತಿದ್ದ ಮುತ್ಯಾ.

ಪೆಡಲ್ ಕರೆಂಟಿನ ನಿಜವಾದ ತೊಡಕು ಇದೇ: ಹುಟ್ಟಿಸೋದು ಸುಲಭ, ಕೂಡಿಡೋದು ಕಷ್ಟ. ಜೋಳ ಕೂಡಿಡೋಕೆ ನಮ್ಮವರು ನೆಲದೊಳಗೆ ಹಗೇವು ತೋಡಿದರು. ಕರೆಂಟಿಗೆ ಹಗೇವು ಅಂದರೆ 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಮಾಡಿದ ಸೀಸ-ಆಮ್ಲದ ಬ್ಯಾಟರಿ. ಅದರ ಮಕ್ಕಳು ಮೊಮ್ಮಕ್ಕಳೇ ಇವತ್ತೂ ನಿಮ್ಮ ಯುಪಿಎಸ್ ಕೆಳಗೆ ಕೂತಿರೋದು. ಹಗೇವಿನ ಜೋಳಕ್ಕೆ ಹುಳ ಹಿಡಿದಂಗೆ ಇಲ್ಲೂ ಸೋರಿಕೆ ಇದೆ. ಡೈನಮೋದ ಕರೆಂಟ್ ಹಿಂದೆ ಮುಂದೆ ಹರಿಯೋದು, ಬ್ಯಾಟರಿಗೆ ಒಂದೇ ದಿಕ್ಕಿನದು ಬೇಕು. ಮಧ್ಯೆ ಡಯೋಡ್ ಬೇಕು. ಡಿಸಿ ಮೋಟರನ್ನೇ ಜನರೇಟರ್ ಮಾಡಿಕೊಂಡು ಡಯೋಡ್ ಹಾಕೋದು ಮರೆತರೆ, ನೀವು ಕಾಲು ತೆಗೆದ ಕೂಡಲೇ ಬ್ಯಾಟರಿಯೇ ಪೆಡಲ್ ತಿರುಗಿಸುತ್ತೆ! ಹನ್ನೆರಡು ವೋಲ್ಟಿನ ಬ್ಯಾಟರಿ ತುಂಬೋಕೆ ಸುಮಾರು ಹದಿನಾಲ್ಕು ವೋಲ್ಟ್ ಕೊಡಬೇಕು, ಅಂದರೆ ನಿಧಾನಕ್ಕೆ ತುಳಿದರೆ ಒಂದು ಹನಿಯೂ ಒಳಗೆ ಹೋಗಲ್ಲ. ಜನರೇಟರಿನಲ್ಲಿ ಒಂದಿಷ್ಟು, ಬ್ಯಾಟರಿಯಲ್ಲಿ ಒಂದಿಷ್ಟು, ಇನ್ವರ್ಟರಿನಲ್ಲಿ ಒಂದಿಷ್ಟು ಹೋಗಿ, ತುಳಿದದ್ದರಲ್ಲಿ ಕೈಗೆ ಸಿಗೋದು ಅರ್ಧ, ಅಥವಾ ಸ್ವಲ್ಪ ಹೆಚ್ಚು.

ಹಾಗಂತ ಪ್ರಯೋಜನವೇ ಇಲ್ಲ ಅಂತಲ್ಲ. 1929ರಲ್ಲಿ ಆಸ್ಟ್ರೇಲಿಯಾದ ಆಲ್ಫ್ರೆಡ್ ಟ್ರೇಗರ್ ಕಾಲಿನಿಂದ ತುಳಿಯೋ ರೇಡಿಯೋ ಮಾಡಿ ಒಳನಾಡಿನ ಒಂಟಿ ಮನೆಗಳಿಗೆ ಕೊಟ್ಟ. ಯಾರಿಗಾದರೂ ಜೀವ ಹೋಗೋ ಹಂಗಾದರೆ ಪೆಡಲ್ ತುಳೀತಾ ಮೋರ್ಸ್ ಸಂಕೇತದಲ್ಲಿ ವಿಮಾನದ ಡಾಕ್ಟರನ್ನ ಕರೀಬೇಕು. ಅದಕ್ಕೆ ಬೇಕಿದ್ದದ್ದು ಸುಮಾರು 20 ವ್ಯಾಟ್, ಅದೂ ಕೆಲವೇ ನಿಮಿಷ. ಕೂಡಿಡೋ ಮಾತೇ ಇಲ್ಲ, ತುಳಿದಾಗಲೇ ಖರ್ಚು. ಪೆಡಲಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ.

ನಮ್ಮ ಕಡೆ ಇನ್ನೊಂದು ವಿಚಿತ್ರ ನಡೆಯಿತು. 1975ರ ಆಗಸ್ಟಿನಿಂದ ಒಂದು ವರ್ಷ, ಸೈಟ್ ಅನ್ನೋ ಉಪಗ್ರಹ ಪ್ರಯೋಗದಲ್ಲಿ ದೇಶದ 2,400 ಹಳ್ಳಿಗಳಿಗೆ ಟಿವಿ ಕೊಟ್ಟರು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗಾ, ವಿಜಾಪುರ ಜಿಲ್ಲೆಗಳನ್ನ. ಬೆಂಗಳೂರಿಗಿಂತ ಮುಂಚೆ ನಮ್ಮ ಹಳ್ಳಿಯವರು ಟಿವಿ ನೋಡಿದರು ಅಂದರೆ ಆಫೀಸಿನಲ್ಲಿ ಯಾರೂ ನಂಬಲ್ಲ. ಟಿವಿ ಬಂತು, ನೆಚ್ಚಿಕೊಳ್ಳೋ ಕರೆಂಟ್ ಬರಲಿಲ್ಲ. 1987ರಲ್ಲಿ ರಾಮಾಯಣ ಶುರುವಾದಾಗ, ಭಾನುವಾರ ಬೆಳಗ್ಗೆ ಕರೆಂಟ್ ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ಕಪ್ಪು-ಬಿಳುಪು ಟಿವಿಗೆ ಹಾಕೋರು. ಮೂವತ್ತು ವ್ಯಾಟಿನ ಟಿವಿ, ಮುಕ್ಕಾಲು ತಾಸಿನ ಕಂತು. ಲೆಕ್ಕ ಹಾಕಿದರೆ ಒಬ್ಬರು ಅರ್ಧ ತಾಸು ಮುಂಚೆ ಎದ್ದು ಪೆಡಲ್ ತುಳಿದಿದ್ದರೂ ನಡೀತಿತ್ತು. ಯಾರೂ ತುಳಿಯಲಿಲ್ಲ. ‘ಇಡೀ ವಾರ ಹೊಲದಾಗ ತುಳಿದದ್ದು ಸಾಲದೇನಲೇ ತಮ್ಮಾ?’ ಅಂತ ನಮ್ಮ ಕಾಕಾ ಕೇಳಿದ್ದರು, ನಾನು ದೊಡ್ಡವನಾದ ಮೇಲೆ ಈ ಲೆಕ್ಕ ಹೇಳಿದಾಗ.

ಕಾಕಾನ ಮಾತಿನಲ್ಲೇ ಇಡೀ ವಿಷಯ ಇದೆ. ಬಡವರ ಮನೆಗೆ ಒಂದು ದೀಪ ಕೊಟ್ಟ ಭಾಗ್ಯಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 18 ಯೂನಿಟ್ ಮಿತಿ ಇತ್ತು. ದಿನಕ್ಕೆ ಭಾಗಿಸಿ: ಆರುನೂರು ವ್ಯಾಟ್-ತಾಸು. ಒಬ್ಬ ಆಳು 75 ವ್ಯಾಟಿನಂತೆ ಎಂಟು ತಾಸು ತುಳಿದರೆ ಬರೋದೂ ಕರೆಕ್ಟಾಗಿ ಅಷ್ಟೇ, ಸೋರಿಕೆಯನ್ನೆಲ್ಲ ಮನ್ನಾ ಮಾಡಿದರೆ. ಅಂದರೆ ಆ ದೀಪದ ಹಿಂದೆ ಒಬ್ಬ ಕಾಣದ ಕೂಲಿಯವನು ದಿನವಿಡೀ ಪೆಡಲ್ ಮೇಲೆ ಕೂತಿದ್ದಂತೆ. 2023ರಲ್ಲಿ ಬಂದ ಗೃಹಜ್ಯೋತಿಯ ಮಿತಿ ತಿಂಗಳಿಗೆ 200 ಯೂನಿಟ್. ಅಷ್ಟನ್ನೂ ಬಳಸೋ ಮನೆಯ ಹಿಂದೆ ಹನ್ನೊಂದು ಜನ. 2024-25ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ. ಅಷ್ಟು ಕೊಟ್ಟು ಒಬ್ಬರನ್ನ ಪೆಡಲ್ ಮೇಲೆ ಕೂರಿಸಿದರೆ ನಿಮಗೆ ಸಿಗೋದು ಮುಕ್ಕಾಲು ಯೂನಿಟ್ಟಿಗೂ ಕಮ್ಮಿ. ಶಕ್ತಿನಗರದಲ್ಲಿ ಅದೇ ಕೆಲಸಕ್ಕೆ ಅರ್ಧ ಕೆಜಿ ಕಲ್ಲಿದ್ದಲು ಸಾಕು.

1985ರಲ್ಲಿ ಮೊದಲ ಘಟಕ ಶುರುವಾದ ಆ ಸ್ಥಾವರದ ಈಗಿನ ಸಾಮರ್ಥ್ಯ 1,720 ಮೆಗಾವ್ಯಾಟ್. ಅದನ್ನ ಕಾಲಿನಿಂದ ಮಾಡಬೇಕಂದರೆ ಏಕಕಾಲಕ್ಕೆ 2.3 ಕೋಟಿ ಜನ ತುಳೀತಿರಬೇಕು. 2011ರ ಜನಗಣತಿಯಲ್ಲಿ ಇಡೀ ರಾಜ್ಯದ ಜನ ಆರು ಕೋಟಿ ಚಿಲ್ಲರೆ. ಬೂದಿ ನಮ್ಮ ಜಿಲ್ಲೆಗೆ, ಬೆಳಕು ನಾನೀಗಿರೋ ಊರಿಗೂ. ಪಂಪ್‌ಸೆಟ್ಟಿನ ತ್ರೀಫೇಸ್ ರಾತ್ರಿ ಪಾಳಿಯಲ್ಲಿ ಬಂದರೆ ರೈತ ಟಾರ್ಚ್ ಹಿಡಿದು ಹೊಲಕ್ಕೆ ಹೋಗಬೇಕು. ಐದು ಎಚ್‌ಪಿ ಪಂಪ್ ಅಂದರೆ ಐವತ್ತು ಜನರ ಕಾಲು. ಅದಕ್ಕೇ ಅವನು ನಿದ್ದೆಗೆಟ್ಟು ಕಾಯೋದು.

ಇಲ್ಲಿಂದ ಸಿಂಧನೂರಿಗೆ ಬನ್ನಿ. ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ತಾನಾಗೇ ಹರಿಯುತ್ತೆ, ಭತ್ತಕ್ಕೆ ನೀರೆತ್ತೋ ಚಿಂತೆ ಇಲ್ಲ. 1953ರ ಆ ಅಣೆಕಟ್ಟು ಒಂದು ಭಾರೀ ಹಗೇವು. ಆಗ 133 ಟಿಎಂಸಿ ಹಿಡೀತಿತ್ತು, ಹೂಳು ತುಂಬಿ ಈಗ 105ರ ಆಸುಪಾಸು. ಹಳೇ ಬ್ಯಾಟರಿಯ ಹಣೆಬರಹವೇ ಅದಕ್ಕೂ. ಮಸ್ಕಿ ಕಡೆಯ ಎತ್ತರದ ನೆಲಕ್ಕೆ ಈ ಭಾಗ್ಯ ಇಲ್ಲ. ಒಂದು ಎಕರೆಗೆ ಎರಡು ಇಂಚು ನೀರು ನಿಲ್ಲಿಸಲು ಹತ್ತು ಮೀಟರ್ ಆಳದಿಂದ ಎತ್ತಬೇಕಂದರೆ, ಪೆಡಲ್ ಲೆಕ್ಕದಲ್ಲಿ ಒಬ್ಬ ಆಳು ದಿನಕ್ಕೆ ಎಂಟು ತಾಸಿನಂತೆ ಒಂಬತ್ತು ದಿನ ತುಳೀಬೇಕು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಅಂತ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತರು, 2021ರ ಮಸ್ಕಿ ಉಪಚುನಾವಣೆಯಲ್ಲಿ ಎಲ್ಲ ಪಕ್ಷದವರೂ ಆ ಕಾಲುವೆಗೆ ಉತ್ತರ ಹೇಳಬೇಕಾಯಿತು. ಬೆಂಗಳೂರಿನಲ್ಲಿ ಕೂತು ಸುದ್ದಿ ಓದಿದ ಗೆಳೆಯನೊಬ್ಬ ಕೇಳಿದ: ಬೋರ್ ಹಾಕಿಸಿ ಪಂಪ್ ಇಟ್ಟರೆ ಆಗಲ್ವಾ? ಅವನಿಗೆ ಒಂಬತ್ತು ದಿನದ ಈ ಲೆಕ್ಕ ಬರೆದು ಕಳಿಸಿದೆ.