ಹಿಮದ ಇಳಿಜಾರಿಗೆ ಕಂದಹಾರದ ಹೆಸರು

ಆಲ್ಪ್ಸ್ ಪರ್ವತದ ಹಿಮರಾಶಿಯ ಮೇಲೆ ಜರುಗುವ ಕ್ರೀಡೆಗೆ ಆಫ್ಘಾನಿಸ್ತಾನದ ಊರೊಂದರ ಹೆಸರು ಹೇಗೆ ಅಂಟಿಕೊಂಡಿತೆಂದು ವಿಚಾರಿಸಹೊರಟವನು ಕಡೆಗೆ ನಮ್ಮ ದೇಶದ ಬಾಗಿಲಿಗೇ ಬಂದು ನಿಲ್ಲಬೇಕಾಗುವುದು. 1880ರಲ್ಲಿ ಕಾಬೂಲಿನಿಂದ ಕಂದಹಾರಕ್ಕೆ ದಂಡು ನಡೆಸಿ, ಆ ಊರಿನ ಹೆಸರನ್ನೇ ಬಿರುದಾಗಿ ಧರಿಸಿದ ಲಾರ್ಡ್ ರಾಬರ್ಟ್ಸ್ ಜನಿಸಿದ್ದು ಕಾನ್ಪುರದಲ್ಲಿ. ಆತನ ಹೆಸರಿನ ಪಾರಿತೋಷಕಕ್ಕಾಗಿ 1911ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಮೊಂಟಾನದಲ್ಲಿ ಇಳಿಜಾರು ಸ್ಕೀ ಪಂದ್ಯವನ್ನು ಏರ್ಪಡಿಸಿದ ಆರ್ನಾಲ್ಡ್ ಲನ್ ಜನಿಸಿದ್ದು, ಮತಪ್ರಚಾರಕನೊಬ್ಬನ ಮಗನಾಗಿ, ನಮ್ಮ ನೆರೆಯ ಮದರಾಸಿನಲ್ಲಿ. ಹಿಮವೆಂದರೇನೆಂದೇ ಅರಿಯದ ಎರಡು ಊರುಗಳಿಗೆ ಸಂದ ಈ ಋಣಾನುಬಂಧ ನನಗಂತೂ ಸೋಜಿಗವಾಗಿ ತೋರುತ್ತದೆ.

ಅಂದಿನ ಪಂದ್ಯದಲ್ಲಿ ಇಳಿಯುವುದಕ್ಕೆ ಮೊದಲು ಹತ್ತಬೇಕಾಗಿತ್ತು. ಮೇಲಕ್ಕೊಯ್ಯುವ ತಂತಿರಥವಿಲ್ಲದ ಆ ಕಾಲದಲ್ಲಿ ಸ್ಪರ್ಧಾಳುಗಳು ಹಿಂದಿನ ದಿನವೇ ಬೆಟ್ಟವೇರಿ, ಪರ್ವತಾರೋಹಿಗಳ ತಂಗುಮನೆಯಲ್ಲಿ ರಾತ್ರಿಯನ್ನು ಕಳೆದು, ಬೆಳಗಾದ ಮೇಲೆ ಪ್ಲೇನ್ ಮೋರ್ಟ್ ಹಿಮನದಿಯಿಂದ ಎಲ್ಲರೂ ಒಮ್ಮೆಗೇ ಹೊರಟರು. ಯಾರೂ ಹದಗೊಳಿಸದ ಹಿಮದಲ್ಲಿ ಬಿದ್ದು, ಎದ್ದು, ತಮ್ಮ ದಾರಿಯನ್ನು ತಾವೇ ಕಂಡುಕೊಂಡು ಅವರು ಇಳಿದರು. ಗೆದ್ದ ಸೆಸಿಲ್ ಹಾಪ್ಕಿನ್ಸನ್ನನಿಗೆ ಹಿಡಿದದ್ದು 61 ನಿಮಿಷ.

ಸ್ಕೀ ವಿದ್ಯೆಯ ತವರಾದ ನಾರ್ವೆಯವರಿಗೆ ಇದು ರುಚಿಸಲಿಲ್ಲ. ಬಯಲಿನ ದೀರ್ಘಪಯಣವೂ ನೆಗೆತವೂ ಪುರುಷಲಕ್ಷಣವೆಂದೆಣಿಸಿದ್ದ ಅವರಿಗೆ ಬರಿಯ ಜಾರುವಿಕೆ ಪ್ರವಾಸಿಗರ ವಿನೋದವಾಗಿ ಕಂಡಿದ್ದರೆ ಅಚ್ಚರಿಯೇನು? ಆದರೂ ಲನ್ ಪಟ್ಟು ಬಿಡಲಿಲ್ಲ. 1931ರಲ್ಲಿ ಮ್ಯೂರೆನ್ನಿನಲ್ಲಿ ವಿಶ್ವಸ್ಪರ್ಧೆಯೂ, 1948ರಲ್ಲಿ ಸೇಂಟ್ ಮೊರಿಟ್ಸಿನಲ್ಲಿ ಈ ಪಂದ್ಯಕ್ಕೇ ಮೀಸಲಾದ ಒಲಿಂಪಿಕ್ ಪದಕವೂ ಬಂದವು. ಪುರುಷರ ವಿಭಾಗದಲ್ಲಿ ಫ್ರಾನ್ಸಿನ ಆನ್ರಿ ಓರೆಯೆ ನಾಲ್ಕು ಸೆಕೆಂಡುಗಳಿಗೂ ಮಿಗಿಲಾದ ಅಂತರದಿಂದ ಗೆದ್ದನು. ಅಂಥ ಔದಾರ್ಯವನ್ನು ಕಾಲವು ಮುಂದೆ ಯಾರಿಗೆ ತಾನೆ ತೋರೀತು!

ಇನ್ಸ್‌ಬ್ರುಕ್ಕಿನ ಪಾಚರ್‌ಕೋಫೆಲ್ ಬೆಟ್ಟ 1964ರಲ್ಲಿ, ಒಲಿಂಪಿಕ್ ಪಂದ್ಯಕ್ಕೆ ಮುನ್ನವೇ, ಅಭ್ಯಾಸನಿರತನಾಗಿದ್ದ ಆಸ್ಟ್ರೇಲಿಯದ ರಾಸ್ ಮಿಲ್ನ್ ಎಂಬ ತರುಣನನ್ನು ಬಲಿ ತೆಗೆದುಕೊಂಡಿತ್ತು. ಅದೇ ಬೆಟ್ಟದ ನೆತ್ತಿಯಲ್ಲಿ 1976ರ ಫೆಬ್ರವರಿ 5ರಂದು, ಮತ್ತೊಂದು ಒಲಿಂಪಿಕ್ ಪಂದ್ಯಕ್ಕೆ, ಹಳದಿ ಉಡುಪಿನ, 15ನೆಯ ಸಂಖ್ಯೆಯ, ಆಸ್ಟ್ರಿಯದ ಫ್ರಾಂಜ್ ಕ್ಲಾಮರ್ ನಿಂತಾಗ, ಸ್ವಿಟ್ಜರ್ಲೆಂಡಿನ ಬರ್ನ್‌ಹಾರ್ಡ್ ರುಸ್ಸಿಯ ಕಾಲಮಾನ ಆಗಲೇ ಫಲಕವನ್ನೇರಿತ್ತು. ಕ್ಲಾಮರನ ನಾಡಿಗೆ ನಾಡೇ ಉಸಿರು ಬಿಗಿಹಿಡಿದು ನೋಡುತ್ತಿತ್ತು. ನಡುದಾರಿಯಲ್ಲಿ ಹಿಂದೆ ಬಿದ್ದ ಆತ, ಒಂದು ಸ್ಕೀ ಗಾಳಿಯಲ್ಲಿ, ತೋಳುಗಳು ಅಂಕೆಯಿಲ್ಲದೆ ಬೀಸುತ್ತ, ಇದೋ ಬಿದ್ದ, ಇದೋ ಬಿದ್ದ ಎನ್ನುವಷ್ಟರಲ್ಲಿ ಸಾವರಿಸಿಕೊಂಡು, ಮೂರು ಕಿಲೋಮೀಟರಿನ ಹಾದಿಯನ್ನು 1 ನಿಮಿಷ 45.73 ಸೆಕೆಂಡುಗಳಲ್ಲಿ ಇಳಿದುಬಿಟ್ಟನು. ರುಸ್ಸಿಗಿಂತ 0.33 ಸೆಕೆಂಡು ಮುಂಚೆ.