ಮದುವೆ ನಡೆಸಿಕೊಡುವವರು ಯಾರು?

ನಮ್ಮಲ್ಲಿ ಮದುವೆ ನಿಶ್ಚಯವಾದ ಮನೆಯಲ್ಲಿ ಶಾದಿಮಹಲ್, ಬಿರಿಯಾನಿ, ಬಟ್ಟೆಬರೆಯ ಮಾತೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ನಿಕಾಹ್ ಓದಿಸುವವರು ಯಾರು? 'ಖಾಜಿ ಸಾಹೇಬರು ಇದ್ದಾರಲ್ಲ' ಎಂದು ಹಿರಿಯರೊಬ್ಬರು ಹೇಳಿದರೆ ಮಾತು ಅಲ್ಲಿಗೆ ಮುಗಿಯಿತು. ಹುಡುಗ, ಹುಡುಗಿಯನ್ನು ಯಾರೂ ಕೇಳುವುದಿಲ್ಲ. ರಿಜಿಸ್ಟರ್ ಮದುವೆಯಲ್ಲಂತೂ ಆ ಪ್ರಶ್ನೆಯೇ ಇಲ್ಲ. ಅಂದು ಕುರ್ಚಿಯಲ್ಲಿರುವ ಅಧಿಕಾರಿಯೇ ಗತಿ. ಈ ಆಯ್ಕೆ ವಧೂವರರ ಕೈಗೆ ಬಂದ ಒಂದು ದೇಶದ ಕಥೆ ನಮಗೂ ಪಾಠವಾಗಬಲ್ಲದು.

ಆಸ್ಟ್ರೇಲಿಯಾದಲ್ಲಿ 1970ರ ದಶಕದ ಆರಂಭದವರೆಗೆ ಮದುವೆಗೆ ಎರಡೇ ದಾರಿಗಳಿದ್ದವು: ಧರ್ಮಗುರು ಅಥವಾ ಸರ್ಕಾರಿ ನೋಂದಣಿ ಕಚೇರಿ. ವಿಚ್ಛೇದನ ಪಡೆದವರಿಗೆ ಮರುಮದುವೆ ಮಾಡಿಸಲು ಅನೇಕ ಚರ್ಚುಗಳು ಒಪ್ಪುತ್ತಿರಲಿಲ್ಲ. ಅಂಥವರಿಗೆ ಕಚೇರಿಯ ಕೋಣೆಯೇ ಮಂಟಪ, ಕೆಲವು ನಿಮಿಷಗಳ ವಿಧಿಯೇ ಸಮಾರಂಭ. ತಪ್ಪು ಮಾಡಿದವರಂತೆ ಬಂದು ಸಹಿ ಹಾಕಿ ಹೋಗಬೇಕಿತ್ತು.

1972ರ ಡಿಸೆಂಬರಿನಲ್ಲಿ ಲೇಬರ್ ಪಕ್ಷದ ಸರ್ಕಾರ ಬಂದಾಗ ಲಯನೆಲ್ ಮರ್ಫಿ ಅಟಾರ್ನಿ ಜನರಲ್ ಆದರು. ಯೋಗ್ಯರಾದ ಇತರರಿಗೂ ಮದುವೆ ಮಾಡಿಸುವ ಅಧಿಕಾರ ಕೊಡಬಹುದೆಂಬ ಮಾತು 1961ರ ವಿವಾಹ ಕಾಯ್ದೆಯಲ್ಲೇ ಇತ್ತು. ಮರ್ಫಿ ಅದನ್ನು ಬಳಸಿಕೊಂಡರು. ಅವರ ಸಿಬ್ಬಂದಿಗೂ ಪಕ್ಷದವರಿಗೂ ಇದು ಹಿಡಿಸಿರಲಿಲ್ಲ. ಕೊನೆಗೆ ಮರ್ಫಿ ತಾವೇ ರಾತ್ರಿ ಕಚೇರಿಗೆ ಹೋಗಿ ನೇಮಕದ ಪತ್ರ ಟೈಪು ಮಾಡಿ ಅಂಚೆಗೆ ಹಾಕಿದರೆಂದು ಈ ಚಳವಳಿಯ ಮೊದಲಿಗರಲ್ಲೊಬ್ಬರಾದ ಡ್ಯಾಲಿ ಮೆಸೆಂಜರ್ ಹೇಳುತ್ತಾರೆ. 1973ರ ಜುಲೈ 19ರಂದು ನೇಮಕವಾದ ಆ ಮೊದಲ ವ್ಯಕ್ತಿ ಲೋಯಿಸ್ ಡಾರ್ಸಿ, 26 ವರ್ಷದ ಶಾಲಾ ಶಿಕ್ಷಕಿ. ಪಾದ್ರಿಯೂ ಅಲ್ಲದ, ಗುಮಾಸ್ತೆಯೂ ಅಲ್ಲದ ಒಬ್ಬ ಹೆಣ್ಣುಮಗಳು!

ಅಂದಿನಿಂದ ವಧೂವರರು ತಮಗೆ ಬೇಕಾದವರನ್ನು ಹುಡುಕಿ ಮಾತನಾಡಿಸಿ ಆರಿಸಿಕೊಳ್ಳುವ ರೂಢಿ ಬಂತು. ನಮ್ಮ ಕಥೆಯನ್ನು ಕೇಳುವ ತಾಳ್ಮೆ ಇವರಿಗಿದೆಯೇ? ಎರಡೂ ಮನೆಯವರ ನಂಬಿಕೆಗಳನ್ನು ಗೌರವಿಸುತ್ತಾರೆಯೇ? ನಾವು ಬರೆದ ಮಾತುಗಳಿಗೆ ಜಾಗ ಕೊಡುತ್ತಾರೆಯೇ? ಆಯ್ಕೆ ನಿಲ್ಲುವುದು ಇಂಥ ಪ್ರಶ್ನೆಗಳ ಮೇಲೆ. ಕಾನೂನು ಕೇಳುವುದು ಸ್ವಲ್ಪವೇ: ಒಂದು ತಿಂಗಳ ಮುಂಚೆ ಸೂಚನೆ, ಇಬ್ಬರು ಸಾಕ್ಷಿಗಳು, ನಿಗದಿಯಾದ ಕೆಲವು ಮಾತುಗಳು. ಉಳಿದದ್ದು ವಧೂವರರ ಇಷ್ಟ. 1999ರಲ್ಲಿ ಅಲ್ಲಿನ ಅರ್ಧಕ್ಕಿಂತ ಹೆಚ್ಚು ಮದುವೆಗಳು ಧರ್ಮಗುರುಗಳಿಲ್ಲದೆ ನಡೆದವು. ಇಂದು ಹತ್ತರಲ್ಲಿ ಎಂಟು ಮದುವೆಗಳು ಹಾಗೆಯೇ ನಡೆಯುತ್ತಿವೆ.

ಆದರೆ ನನಗೆ ಮುಖ್ಯವಾಗಿ ಕಂಡದ್ದು ಬೇರೆ. 2024ರ ಜೂನ್‌ನಿಂದ ಅಲ್ಲಿ ಮದುವೆ ಮಾಡಿಸುವವರು ವಧುವನ್ನೂ ವರನನ್ನೂ ಮೊದಲೇ ಬೇರೆಬೇರೆಯಾಗಿ ಮುಖತಃ ಭೇಟಿಯಾಗಿ, ಒಪ್ಪಿಗೆ ನಿಜವಾದದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ಬಲವಂತದ ಮದುವೆ ತಡೆಯುವುದು ಇದರ ಉದ್ದೇಶ. ಓದಿದಾಗ ನನಗೆ ನೆನಪಾದದ್ದು ನಮ್ಮದೇ ನಿಕಾಹ್. ಒಬ್ಬ ವಕೀಲರು ಇಬ್ಬರು ಸಾಕ್ಷಿಗಳೊಡನೆ ಒಳಗೆ ಹೋಗಿ ಹುಡುಗಿಯ ಒಪ್ಪಿಗೆ ಕೇಳಿ ಬರುವ ಪದ್ಧತಿ ನಮ್ಮಲ್ಲಿ ಇದೆಯಲ್ಲ! ಆದರೆ ಅದು ನಡೆಯುವುದು ಹೇಗೆ? ಊಟಕ್ಕೆ ಹೊತ್ತಾಗಿದೆ, ಸುತ್ತ ಅತ್ತೆಯರು ಖಾಲಾಗಳು ತುಂಬಿದ್ದಾರೆ. ತಲೆ ತಗ್ಗಿಸಿದ ಹುಡುಗಿಯ ಮೌನವೇ 'ಹೌದು' ಎಂದು ಬರೆದುಕೊಳ್ಳಲಾಗುತ್ತದೆ.

ನಿಕಾಹ್ ಒಂದು ಕರಾರು. ಈಜಾಬ್, ಕಬೂಲ್, ಸಾಕ್ಷಿಗಳು ಅದರ ಜೀವ. ಮೆಹರ್ ಹೆಣ್ಣಿನ ಹಕ್ಕು. ವಲಿಯ ವಿಷಯದಲ್ಲಿ ಮಜ್‌ಹಬ್‌ಗಳ ನಡುವೆ ಭೇದವಿದೆ ನಿಜ, ಆದರೆ ಪುರೋಹಿತನೊಬ್ಬ ಇರಲೇಬೇಕೆಂದು ಯಾವುದೂ ಹೇಳುವುದಿಲ್ಲ. 1864ರಲ್ಲಿ ಬ್ರಿಟಿಷ್ ಸರ್ಕಾರ ಖಾಜಿಗಳ ನೇಮಕವನ್ನು ಕೈಬಿಟ್ಟು, 1880ರಲ್ಲಿ ಮತ್ತೆ ಕಾಯ್ದೆ ಮಾಡಿತು. ಅದರ ಮಸೂದೆ ಮಂಡಿಸಿದವರು ಸರ್ ಸೈಯದ್ ಅಹಮದ್ ಖಾನ್. ಯಾವ ಮದುವೆಗೂ ಖಾಜಿಯ ಹಾಜರಿ ಕಡ್ಡಾಯವಲ್ಲ ಎಂದು ಆ ಕಾಯ್ದೆಯ ನಾಲ್ಕನೆಯ ಕಲಮು ಸ್ಪಷ್ಟವಾಗಿಯೇ ಹೇಳುತ್ತದೆ. ಲಕ್ನೋದಲ್ಲಿ 2008ರಲ್ಲಿ, ಆಗ ಯೋಜನಾ ಆಯೋಗದ ಸದಸ್ಯೆಯಾಗಿದ್ದ ಸೈಯದಾ ಹಮೀದ್ ನಿಕಾಹ್ ಓದಿಸಿದಾಗ ಗದ್ದಲವೆದ್ದಿತು. ಗದ್ದಲ ರೂಢಿಯದು, ಕಾನೂನಿನದಲ್ಲ.

ಇನ್ನು ನಮ್ಮ ಸಿವಿಲ್ ಮದುವೆ. 1872ರ ಕಾಯ್ದೆಯಡಿ ಮದುವೆಯಾಗಬೇಕಾದರೆ ನಾನು ಹಿಂದೂ ಅಲ್ಲ, ಮುಸ್ಲಿಮನಲ್ಲ, ಕ್ರೈಸ್ತನಲ್ಲ ಎಂದು ಘೋಷಿಸಬೇಕಿತ್ತು. 1954ರ ವಿಶೇಷ ವಿವಾಹ ಕಾಯ್ದೆ ಧರ್ಮ ಬಿಡದೆಯೇ ಮದುವೆಯಾಗುವ ದಾರಿ ತೆರೆಯಿತು. ತಮಗಿಷ್ಟವಾದ ವಿಧಿಯಲ್ಲಿ ಮಾಡಿಕೊಳ್ಳಲೂ ಬಿಟ್ಟಿತು. ಆದರೆ ಎದುರಿಗಿರುವವರು ಸರ್ಕಾರ ನೇಮಿಸಿದ ವಿವಾಹಾಧಿಕಾರಿಯೇ ಆಗಬೇಕು. ಜೊತೆಗೆ ಮೂವತ್ತು ದಿನಗಳ ನೋಟಿಸು ಗೋಡೆಯ ಮೇಲಿರುತ್ತದೆ. ಮನೆಯವರಿಗೆ ಹೆದರಿದ ಜೋಡಿಗೆ ಅದು ರಕ್ಷಣೆಯಲ್ಲ, ಅಪಾಯ.

ಮದುವೆ ಮಾಡಿಸುವವರು ಮದುವೆಯ ಯಜಮಾನರಲ್ಲ. ಖಾಜಿಯಾಗಲಿ, ಅಧಿಕಾರಿಯಾಗಲಿ, ಶಾಲಾ ಶಿಕ್ಷಕಿಯಾಗಲಿ, ಅವರ ಕೆಲಸ ಇಬ್ಬರ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದು. ಹಾಗಾಗಿ ಮುಂದಿನ ಮದುವೆಯ ಮನೆಯಲ್ಲಿ ನಿಕಾಹ್ ಓದಿಸುವವರು ಯಾರು ಎಂಬ ಮಾತು ಬಂದಾಗ ಹಿರಿಯರು ಒಂದು ಗಳಿಗೆ ತಡೆದು ಒಳಗೆ ಕುಳಿತ ಮಗಳನ್ನು ಕೇಳಲಿ: 'ಬೇಟಿ, ನಿನ್ನ ಮಾತನ್ನು ನೀನು ಯಾರ ಮುಂದೆ ಅಂಜದೆ ಹೇಳಬಲ್ಲೆ?'